ಆಷಾಢದ ಬಿಡುವಿನಲ್ಲಿ ಗಾಜಿನ ಆರೈಕೆ

ಪುನರ್ವಸು ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ ಪೇಟೆಯ ಸದ್ದೇ ಬದಲಾಗುತ್ತದೆ. ಅಂಗಡಿಗಳ ಮುಂದೆ ಇಳಿಬಿಟ್ಟ ತಗಡಿನ ಮೇಲೆ ನೀರು ಒಂದೇ ಸಮನೆ ಮೊರೆಯುತ್ತಿರುತ್ತದೆ. ಬಸ್ಸೊಂದು ಹೊಂಡದ ಕೆನ್ನೀರನ್ನು ಎರಡೂ ಬದಿಗೆ ಎರಚಿಕೊಂಡು ಹೋದಾಗ ಆ ಮೊರೆತ ಕ್ಷಣಕಾಲ ಹರಿದು, ಮತ್ತೆ ಕೂಡಿಕೊಳ್ಳುತ್ತದೆ. ಜಗಲಿಯ ಮೂಲೆಯಲ್ಲಿ ಬಿಡಿಸಿಟ್ಟ ಕೊಡೆಗಳಿಂದ ನೀರಿಳಿದು ಸಿಮೆಂಟಿನ ನೆಲದ ಮೇಲೆ ತೊರೆ ಕಟ್ಟಿದೆ. ಒಣಗದ ಬಟ್ಟೆ, ಒದ್ದೆ ಗೋಣಿ, ಪಕ್ಕದ ಹೋಟೆಲಿನ ಒಲೆಗೆ ಹಾಕಿದ ಹಸಿ ಕಟ್ಟಿಗೆಯ ಹೊಗೆ, ಇವೆಲ್ಲ ಸೇರಿ ಹುಟ್ಟಿದ ಮುಗ್ಗಲು ವಾಸನೆ ರಸ್ತೆಯ ಉದ್ದಕ್ಕೂ ನಮ್ಮ ಜೊತೆಗೇ ಬರುತ್ತದೆ.

ಕೊಡೆ ಮಡಚಿ, ಕಾಲು ಒರೆಸಿಕೊಂಡು ಈ ಸ್ಟುಡಿಯೋದೊಳಗೆ ಬನ್ನಿ. ಗೋಡೆಯ ಮೇಲೆ ದೊಡ್ಡದು ಮಾಡಿಸಿ ಹಾಕಿದ ಮದುಮಕ್ಕಳ ಫೋಟೋಗಳು, ಹಿಂದಿನ ಕೋಣೆಗೆ ಅಡ್ಡವಾಗಿ ನೀಲಿ ಪರದೆ, ಪಾಸ್‌ಪೋರ್ಟ್ ಫೋಟೋಕ್ಕೆ ಬರುವವರು ತಲೆ ಬಾಚಿಕೊಳ್ಳಲು ಒಂದು ಕನ್ನಡಿ. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಫೋನೂ ಹೆಚ್ಚು ಬರುವುದಿಲ್ಲ. ಫೆಬ್ರವರಿಯಿಂದ ಜೂನ್‌ವರೆಗೆ ಊಟ ನಿದ್ದೆ ಬಿಟ್ಟು ಓಡಾಡಿದ ಕ್ಯಾಮೆರಾಗಳಿಗೆ ಈಗ ಬಿಡುವು. ಯಜಮಾನರು ಮೇಜಿನ ಮೇಲಿನದನ್ನೆಲ್ಲ ತೆಗೆಸಿ, ಒಗೆದು ಇಸ್ತ್ರಿ ಮಾಡಿದ ಬಿಳಿ ಪಂಚೆಯೊಂದನ್ನು ಹಾಸಿದ್ದಾರೆ. ಅದರ ಮೇಲೆ ಲೆನ್ಸುಗಳು ಸಾಲಾಗಿ ನಿಂತಿವೆ: ಗಿಡ್ಡನೆಯ 50 ಎಂ.ಎಂ., ಹೊಟ್ಟೆ ಉಬ್ಬಿದ 85, ಮಂಟಪದ ಮೂಲೆಯಲ್ಲಿ ನಿಂತು ಇಡೀ ಸಭೆಯನ್ನು ಹಿಡಿಯುವ ಅಗಲದ ಜೂಮ್, ದೂರದಿಂದಲೇ ಹೆಣ್ಣಿನ ತಾಯಿಯ ಕಣ್ಣಂಚಿನ ನೀರನ್ನು ಕಾಣುವ 70–200. ಅವುಗಳ ಮುಚ್ಚಳಗಳೆಲ್ಲ ಪಕ್ಕದ ಸ್ಟೀಲ್ ತಟ್ಟೆಯಲ್ಲಿವೆ.

ಒಂದೊಂದು ಲೆನ್ಸೂ ಕಳೆದ ಸುಗ್ಗಿಯ ಗುರುತನ್ನು ಹೊತ್ತು ಬಂದಿದೆ. ಟ್ಯೂಬ್ ಲೈಟಿನ ಕೆಳಗೆ ಓರೆಯಾಗಿ ಹಿಡಿದರೆ ಅವೆಲ್ಲ ಕಾಣುತ್ತವೆ. ಹೋಮದ ತುಪ್ಪದ ಹೊಗೆ ಮುಂಗಾಜಿನ ಮೇಲೆ ತೆಳ್ಳನೆಯ ಜಿಡ್ಡಿನ ಪೊರೆಯಾಗಿ ಕೂತಿದೆ. ಜೂಮ್ ತಿರುಗಿಸುವ ರಬ್ಬರಿನ ಗೀರುಗಳಲ್ಲಿ ಕುಂಕುಮ ಸೇರಿಕೊಂಡಿದೆ. ಸ್ವಾಗತಕ್ಕೆ ನಿಂತವರು ಚಿಮುಕಿಸಿದ ಪನ್ನೀರಿನ ಎರಡು ಹನಿ ಒಣಗಿ ಉಂಗುರದ ಕಲೆಯಾಗಿವೆ. ದಿಬ್ಬಣದ ಹಿಂದೆ ಜೀಪಿನಲ್ಲಿ ಹೋದಾಗ ಹಿಡಿದ ಕೆಮ್ಮಣ್ಣಿನ ಧೂಳು, ಯಾರದೋ ಮಗು ಆಸೆಯಿಂದ ಒತ್ತಿದ ಬೆರಳಿನ ಗುರುತು, ಅಕ್ಷತೆಯ ಅರಿಶಿನದ ಹುಡಿ. ಇಷ್ಟೆಲ್ಲ ಇದ್ದರೂ ಈ ಲೆನ್ಸುಗಳು ಕೊನೆಯ ಮದುವೆಯವರೆಗೂ ಸ್ಪಷ್ಟವಾದ ಚಿತ್ರ ಕೊಟ್ಟಿವೆ. ಮುಂಗಾಜಿನ ಮೇಲಿನ ನಾಲ್ಕಾರು ಧೂಳಿನ ಕಣ ಚಿತ್ರದಲ್ಲಿ ಕಾಣಿಸುವುದೇ ಇಲ್ಲ. ಗಾಜಿನಿಂದ ದೂರದಲ್ಲಿರುವ ಮುಖದ ಮೇಲೆ ಫೋಕಸ್ ನಿಂತಾಗ, ಗಾಜಿಗೇ ಅಂಟಿಕೊಂಡ ಕಣ ಪೂರ್ತಿ ಕರಗಿಹೋಗುತ್ತದೆ. ಧೂಳು ಮಾಡದ ಹಾನಿಯನ್ನು ಧೂಳು ಒರೆಸುವ ಕೈ ಮಾಡುತ್ತದೆ. ಈ ಮೇಜಿನ ಮುಂದೆ ಕೂತ ಹೊಸ ಹುಡುಗನಿಗೆ ಮೊದಲು ಕಲಿಸುವ ಪಾಠ ಇದೇ.

ಹುಡುಗ ಆಗಲೇ ಬಟ್ಟೆಯ ಕಡೆಗೆ ಕೈ ಚಾಚಿದ್ದಾನೆ. "ತಡಿ ಮಾರಾಯ, ಮೊದ್ಲು ನೋಡು," ಎನ್ನುತ್ತಾರೆ ಯಜಮಾನರು. ಫ್ಯಾನ್ ಆರಿಸಿಯಾಗಿದೆ, ಅದು ತಿರುಗುತ್ತಿದ್ದರೆ ಒಂದು ಕಡೆ ತೆಗೆದ ಧೂಳು ಇನ್ನೊಂದು ಕಡೆ ಕೂರುತ್ತದೆ. ಇಬ್ಬರೂ ಸೋಪು ಹಾಕಿ ಕೈ ತೊಳೆದು ಬಂದಿದ್ದಾರೆ. ಮಲೆನಾಡಿನಲ್ಲಿ ಬೆಳಗಿನ ಹೊತ್ತು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಬೆರಳ ತುದಿಯಲ್ಲಿ ಮಧ್ಯಾಹ್ನದವರೆಗೂ ಇರುತ್ತದೆ. ಗಾಜಿಗೆ ತಾಗಿದರೆ ಅದೇ ಹೊಸ ಕೊಳೆ.

ನೋಡಿದ ಮೇಲೆ ಗಾಳಿ. ನಿಂಬೆಹಣ್ಣಿಗಿಂತ ಕೊಂಚ ದೊಡ್ಡದಾದ ರಬ್ಬರ್ ಬ್ಲೋವರ್ ಯಜಮಾನರ ಅಂಗೈಯಲ್ಲಿ ಕೂರುತ್ತದೆ. ಎಡಗೈಯಲ್ಲಿ ಲೆನ್ಸನ್ನು ಬಾಯಿ ಕೆಳಗಾಗಿ ಹಿಡಿದು, ಕೆಳಗಿನಿಂದ ಓರೆಯಾಗಿ ಪುಸ್, ಪುಸ್ ಎಂದು ಊದುತ್ತಾರೆ. ಲೆನ್ಸು ಸ್ವಲ್ಪ ತಿರುಗುತ್ತದೆ, ಮತ್ತೆ ಎರಡು ಸಲ ಪುಸ್, ಮತ್ತೆ ಸ್ವಲ್ಪ ತಿರುಗುತ್ತದೆ. ಹೊರಗಿನ ಮಳೆಯ ಸದ್ದಿಗೆ ಈ ಪುಟ್ಟ ಉಸಿರಾಟ ತಾಳ ಹಾಕುತ್ತಿದೆಯೇನೋ ಅನ್ನಿಸುವಷ್ಟು ನಿಯಮಿತ. ಸಡಿಲಗೊಂಡ ಕಣಗಳು ಮತ್ತೆ ಗಾಜಿನ ಮೇಲೇ ಬೀಳದೆ ನೆಲಕ್ಕೆ ಇಳಿಯಲಿ ಎಂದೇ ಬಾಯಿ ಕೆಳಗೆ ಮಾಡುವುದು. ಬಾಯಿಂದ ಊದಿದರೆ ಗಾಳಿಯ ಜೊತೆ ಎಂಜಲಿನ ಸಣ್ಣ ಹನಿಯೂ ಹೋಗುತ್ತದೆ. ಡಬ್ಬಿಯಲ್ಲಿ ತುಂಬಿ ಬರುವ ಒತ್ತಡದ ಗಾಳಿಯನ್ನು ಅವರು ಅಂಗಡಿಗೆ ತರುವುದಿಲ್ಲ. ಡಬ್ಬಿ ಓರೆಯಾದರೆ ಒಳಗಿನ ದ್ರವ ಹಿಮದಷ್ಟು ತಣ್ಣಗೆ ಚಿಮ್ಮಿ ಗಾಜಿಗೆ ಬಡಿಯುತ್ತದೆ.

ಗಾಳಿಗೆ ಇಷ್ಟು ಮರ್ಯಾದೆ ಯಾಕೆಂದರೆ, ನಮ್ಮ ರಸ್ತೆಯ ಧೂಳಿನಲ್ಲಿ ಮರಳಿನ ಕಣವಿರುತ್ತದೆ. ಮರಳೆಂದರೆ ಬಹುಪಾಲು ಕ್ವಾರ್ಟ್ಜ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಕ್ವಾರ್ಟ್ಜಿನದು 7, ಸಾಮಾನ್ಯ ಗಾಜಿನದು ಸುಮಾರು 5.5. ಒಣ ಧೂಳಿನ ಮೇಲೆ ಬಟ್ಟೆ ಇಟ್ಟು ಉಜ್ಜಿದವರು ಗಾಜಿಗಿಂತ ಗಡಸಾದ ಕಲ್ಲಿನ ಪುಡಿಯಿಂದ ಗಾಜನ್ನು ಉಜ್ಜಿದ ಹಾಗಾಯಿತು. ಅಂಗಿಯ ತುದಿ, ಸೀರೆಯ ಸೆರಗು, ಕರವಸ್ತ್ರ ಎಷ್ಟೇ ಮೃದುವಾಗಿರಲಿ, ಅದರ ಎಳೆಗಳ ನಡುವೆ ಅಡಗಿದ ಒಂದು ಮರಳು ಕಣ ಸಾಕು.

ಗಾಳಿಗೆ ಜಗ್ಗದ ಹುಡಿಗೆ ಬ್ರಷ್. ಮೇಕೆ ಕೂದಲಿನ ಮೃದುವಾದ ಬ್ರಷ್ಷನ್ನು ಮುಚ್ಚಳವಿರುವ ಕೊಳವೆಯೊಳಗೆ ಇಟ್ಟಿದ್ದಾರೆ. ಅದರ ಕೂದಲಿಗೆ ಬೆರಳು ಮುಟ್ಟಿಸುವಂತಿಲ್ಲ, ಮುಟ್ಟಿದರೆ ಚರ್ಮದ ಎಣ್ಣೆ ಬ್ರಷ್ಷಿಗೆ, ಬ್ರಷ್ಷಿನಿಂದ ಗಾಜಿಗೆ. ರಬ್ಬರಿನ ಗೀರಿನ ಕುಂಕುಮಕ್ಕೆ ಬೇರೆಯದೇ ಹಳೆಯ ಬ್ರಷ್ಷಿದೆ. ಅದು ಎಂದೂ ಗಾಜಿನ ಹತ್ತಿರ ಬರುವುದಿಲ್ಲ, ಗಾಜಿನ ಬ್ರಷ್ಷು ಎಂದೂ ಮೈಗೆ ಇಳಿಯುವುದಿಲ್ಲ.

ಈಗ 85ನ್ನು ಯಜಮಾನರು ಬೆಳಕಿಗೆ ಹಿಡಿದು ಮೆಲ್ಲನೆ ಓಲಾಡಿಸುತ್ತಾರೆ. ಬಿಳಿ ಟ್ಯೂಬ್ ಲೈಟು ಗಾಜಿನೊಳಗೆ ನೇರಳೆಯಾಗಿ, ಹಸಿರಾಗಿ, ಕೆಂಡದ ಬಣ್ಣವಾಗಿ ಒಂದರ ಹಿಂದೊಂದು ತೇಲುತ್ತದೆ. ಹುಡುಗ ಬಾಗಿ ನೋಡುತ್ತಾನೆ. ಆ ಬಣ್ಣ ಗಾಜಿನದಲ್ಲ, ಗಾಜಿನ ಮೇಲೆ ಹತ್ತಿಸಿದ ಲೇಪದ್ದು. ಲೇಪವಿಲ್ಲದ ಗಾಜಿಗೆ ಬೆಳಕು ಬಿದ್ದಾಗ ಪ್ರತಿ ಮೇಲ್ಮೈಯಿಂದಲೂ ಸುಮಾರು ನೂರಕ್ಕೆ ನಾಲ್ಕು ಪಾಲು ಹಿಂದಕ್ಕೆ ಮರಳುತ್ತದೆ. ಒಂದು ಗಾಜಿಗೆ ಎರಡು ಮೇಲ್ಮೈ. ಇಪ್ಪತ್ತು ಮೇಲ್ಮೈಗಳನ್ನು ದಾಟಬೇಕಾದ ಜೂಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ಕಳೆದುಹೋಗಬೇಕಿತ್ತು. ಹಾಗೆ ಚದುರಿದ ಬೆಳಕು ಒಳಗೊಳಗೇ ಅಲೆದು ಚಿತ್ರದ ಕಪ್ಪನ್ನೆಲ್ಲ ಬೂದು ಮಾಡುತ್ತಿತ್ತು. ಅದನ್ನು ತಡೆಯುವ ಲೇಪಗಳಲ್ಲಿ ಹಳೆಯದೂ ಸರಳವೂ ಆದದ್ದು ಮೆಗ್ನೀಶಿಯಂ ಫ್ಲೋರೈಡಿನ ಒಂದೇ ಪದರ. ಅದರ ದಪ್ಪ ಸುಮಾರು 100 ನ್ಯಾನೋಮೀಟರ್, ಎಂದರೆ ತಲೆಗೂದಲಿನ ದಪ್ಪದ ಏಳುನೂರರಲ್ಲಿ ಒಂದು ಪಾಲು. ಈಗಿನ ಲೆನ್ಸುಗಳಲ್ಲಿ ಇಂಥ ಹಲವು ಪದರಗಳಿವೆ.

ಈ ಲೇಪದ ಕಥೆ ಶುರುವಾದದ್ದೂ ಒರೆಸದೆ ಬಿಟ್ಟ ಗಾಜಿನಿಂದಲೇ. ಕುಕ್ ಟ್ರಿಪ್ಲೆಟ್ ಎಂಬ ಹೆಸರಾಂತ ಮೂರು ಗಾಜಿನ ಲೆನ್ಸನ್ನು ರೂಪಿಸಿದ ಇಂಗ್ಲೆಂಡಿನ ಹೆರಾಲ್ಡ್ ಡೆನಿಸ್ ಟೇಲರ್ 1890ರ ದಶಕದಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ವರ್ಷಗಟ್ಟಲೆ ಗಾಳಿಗೆ ಒಡ್ಡಿಕೊಂಡು ಮಾಸಿದ ಮಸೂರ, ಹೊಸದಾಗಿ ಹೊಳಪು ಕೊಟ್ಟ ಮಸೂರಕ್ಕಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು. ಕಾಲವೇ ಗಾಜಿನ ಮೇಲೆ ತೆಳುವಾದ ಪೊರೆಯೊಂದನ್ನು ಹೊದಿಸಿತ್ತು. ಆ ಮಾಸಲನ್ನು ಕೊಳೆಯೆಂದು ತಿಕ್ಕಿ ತೆಗೆದಿದ್ದರೆ ಈ ಸಂಗತಿ ಇನ್ನೆಷ್ಟು ಕಾಲ ಯಾರ ಕಣ್ಣಿಗೂ ಬೀಳದೆ ಇರುತ್ತಿತ್ತೋ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ, ನಿರ್ವಾತದಲ್ಲಿ ಆವಿ ಮಾಡಿದ ವಸ್ತುವನ್ನು ಗಾಜಿನ ಮೇಲೆ ಕೂರಿಸಿ ಅಂಥ ಪೊರೆಯನ್ನು ಬೇಕೆಂದೇ ಹೊದಿಸುವ ವಿಧಾನಕ್ಕೆ ದಾರಿ ಮಾಡಿದರು. ಒರೆಸಲು ಹೋದ ಬಟ್ಟೆ ಮೊದಲು ತಾಗುವುದು ಆ ಪೊರೆಗೆ. ಹಲ್ಲುಪುಡಿ, ಟೂತ್‌ಪೇಸ್ಟ್ ಹಚ್ಚಿ ಗೀರು ತೆಗೆಯಲು ಹೊರಟವರು ಗೀರಿನ ಜೊತೆ ಅದನ್ನೂ ತೆಗೆದುಬಿಡುತ್ತಾರೆ. ಮತ್ತೆ ಅದನ್ನು ಮನೆಯಲ್ಲಿ ಹೊದಿಸಲು ಬರುವುದಿಲ್ಲ.

ಆದರೂ ತುಪ್ಪದ ಹೊಗೆ ಗಾಳಿಗೂ ಬ್ರಷ್ಷಿಗೂ ಹೋಗುವಂಥದ್ದಲ್ಲ. ಅದಕ್ಕೆ ದ್ರವ ಬೇಕೇಬೇಕು. ಯಜಮಾನರು ಚಿಕ್ಕ ಬಾಟಲಿಯ ಮುಚ್ಚಳ ತೆರೆದ ಕೂಡಲೇ ಆಸ್ಪತ್ರೆಯ ನೆನಪು ತರುವ ಐಸೊಪ್ರೊಪೈಲ್ ಆಲ್ಕೋಹಾಲಿನ ವಾಸನೆ ಮುಗ್ಗಲನ್ನು ಸೀಳಿಕೊಂಡು ಬರುತ್ತದೆ. ಲೆನ್ಸ್ ಪೇಪರಿನ ಹಾಳೆಯೊಂದನ್ನು ತುದಿಯಲ್ಲಿ ಹಿಡಿದು ಮಡಚಿ, ಮಡಿಕೆಯ ಮೇಲೆ ಒಂದೇ ಒಂದು ಹನಿ ಬಿಡುತ್ತಾರೆ. ಹನಿ ಬೀಳುವುದು ಕಾಗದದ ಮೇಲೆ, ಎಂದೂ ಗಾಜಿನ ಮೇಲಲ್ಲ. ಗಾಜಿನ ಮೇಲೆ ನೇರವಾಗಿ ಬಿಟ್ಟರೆ ಅದು ಅಂಚಿಗೆ ಹರಿದು, ಲೋಹದ ಉಂಗುರದ ಸಂದಿಯಲ್ಲಿ ಇಂಗಿ, ಒಳಗಿನ ಗಾಜಿನವರೆಗೆ ಹೋಗಿ ಕಲೆ ಮಾಡುತ್ತದೆ.

ಈಗ ಮಾತಿಲ್ಲ. ಕಾಗದ ಗಾಜಿನ ನಡುವಿಗೆ ಇಳಿಯುತ್ತದೆ, ಒತ್ತಡವೇ ಇಲ್ಲದಷ್ಟು ಹಗುರವಾಗಿ ಸುರುಳಿ ಸುತ್ತುತ್ತ ಅಂಚಿಗೆ ಬರುತ್ತದೆ, ಅಲ್ಲಿಂದ ಮೇಲೇಳುತ್ತದೆ. ಅದೇ ಮಡಿಕೆ ಮತ್ತೆ ಗಾಜಿಗೆ ತಾಗುವುದಿಲ್ಲ. ಅದು ಹೊತ್ತುಕೊಂಡ ಜಿಡ್ಡು ಇನ್ನೊಂದು ಕಡೆ ಬಳಿದುಹೋಗುತ್ತದೆ. ಹೊಸ ಹಾಳೆ, ಹೊಸ ಹನಿ, ಮತ್ತೊಂದು ಸುತ್ತು. ಆಲ್ಕೋಹಾಲ್ ಹಾರಿದಲ್ಲೆಲ್ಲ ನೇರಳೆ ಬಣ್ಣ ತಿಳಿಯಾಗಿ ಮೇಲೆದ್ದು ಬರುತ್ತದೆ. ಪನ್ನೀರಿನ ಉಂಗುರ ಇಷ್ಟಕ್ಕೆ ಹೋಗುವುದಿಲ್ಲ. ಒಣಗಿದ ನೀರಿನ ಉಪ್ಪಂಶಕ್ಕೆ ನೀರೇ ಆಗಬೇಕು. ಬಟ್ಟಿ ಇಳಿಸಿದ ನೀರಿನಲ್ಲಿ ತುಸು ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಇಟ್ಟು, ಕಲೆ ಮೆತ್ತಗಾದ ಮೇಲೆ ಎತ್ತುತ್ತಾರೆ. ಮಲ್ಪೆಯ ಕಡಲಂಚಿನಲ್ಲಿ ಫೋಟೋ ತೆಗೆದು ಬಂದ ಲೆನ್ಸಿಗೂ ಇದೇ ಕ್ರಮ. ಮೊದಲು ನೀರಿನ ತೇವ, ಆಮೇಲೆ ಆಲ್ಕೋಹಾಲ್. ಅಲ್ಲಿನ ಉಪ್ಪಿನ ಹರಳನ್ನು ಒಣದಾಗಿ ಉಜ್ಜಿದರೆ ಅದೂ ಗೀರುತ್ತದೆ.

ಉಗುರುಬಣ್ಣ ತೆಗೆಯುವ ಅಸಿಟೋನ್, ಪೆಟ್ರೋಲ್, ಕಿಟಕಿ ಗಾಜಿಗೆ ಸಿಂಪಡಿಸುವ ದ್ರವ ಇವು ಯಾವುವೂ ಈ ಮೇಜಿನ ಮೇಲಿಲ್ಲ. ಅಸಿಟೋನಿಗೆ ಲೆನ್ಸಿನ ಪ್ಲಾಸ್ಟಿಕ್ ಮೈ ಕರಗುತ್ತದೆ. ಮೈಕ್ರೊಫೈಬರ್ ಬಟ್ಟೆಯೇನೋ ಇದೆ, ಆದರೆ ಅದಕ್ಕೊಂದು ಪ್ರತ್ಯೇಕ ಡಬ್ಬಿ. ಒಗೆಯುವಾಗ ಬಟ್ಟೆ ಮೆದು ಮಾಡುವ ಕಂಡಿಷನರ್ ಹಾಕಿದರೆ ಅದರ ಜಿಡ್ಡು ಎಳೆಗಳಲ್ಲಿ ಉಳಿದು ಗಾಜಿಗೆ ಬರುತ್ತದೆ. ಮುಂಗಾಜು ಮುಗಿದ ಮೇಲೆ ಲೆನ್ಸನ್ನು ತಿರುಗಿಸಿ ಹಿಂಗಾಜನ್ನು ನೋಡುವಾಗ ಯಜಮಾನರ ಕೈ ಇನ್ನಷ್ಟು ನಿಧಾನವಾಗುತ್ತದೆ. ಕ್ಯಾಮೆರಾದ ಸೆನ್ಸರಿಗೆ ಹತ್ತಿರವಿರುವುದು ಅದು. ಮುಂದಿನ ಗೀರು ಚಿತ್ರದಲ್ಲಿ ಕಾಣದೆ ಹೋಗಬಹುದು, ಹಿಂದಿನ ಬೆರಳಚ್ಚು ಚಿತ್ರವನ್ನು ಮಂಕು ಮಾಡುತ್ತದೆ. ಅದರ ಸುತ್ತಲಿನ ಪುಟ್ಟ ಹಿತ್ತಾಳೆ ಬಣ್ಣದ ಚುಕ್ಕಿಗಳನ್ನೂ ಒಣಬಟ್ಟೆಯಿಂದ ಒಮ್ಮೆ ಸವರುತ್ತಾರೆ. ಕ್ಯಾಮೆರಾ ಮತ್ತು ಲೆನ್ಸು ಮಾತಾಡಿಕೊಳ್ಳುವುದು ಆ ಚುಕ್ಕಿಗಳ ಮೂಲಕವೇ.

"ಅಣ್ಣ, ಇದ್ರೊಳಗೆ ಏನೋ ಉಂಟು," ಎಂದು ಹುಡುಗ ಹಳೆಯ ಜೂಮೊಂದನ್ನು ಮುಂದೆ ಹಿಡಿಯುತ್ತಾನೆ. ಯಜಮಾನರು ಪರದೆ ಎಳೆದು ಕೋಣೆ ಕತ್ತಲು ಮಾಡುತ್ತಾರೆ. ಒಂದು ತುದಿಯಿಂದ ಟಾರ್ಚ್ ಹಿಡಿದು, ಅಪರ್ಚರ್ ಪೂರ್ತಿ ತೆರೆದು, ಇನ್ನೊಂದು ತುದಿಯಿಂದ ಓರೆಯಾಗಿ ಇಣುಕಿದರೆ ಗಾಜಿನ ಅಂಚಿನಲ್ಲಿ ಬೇರಿನಂತೆ ಕವಲೊಡೆದ ಬಿಳಿ ಎಳೆಗಳು. ಬೂಷ್ಟು. ಫೋಟೋದವರ ಬಾಯಲ್ಲಿ ಫಂಗಸ್. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಮಳೆಗಾಲದ ನಾಲ್ಕು ತಿಂಗಳಲ್ಲಿ. ಗಾಳಿಯ ತೇವಾಂಶ ಶೇಕಡ 70 ದಾಟಿ ದಿನಗಟ್ಟಲೆ ಅಲ್ಲೇ ನಿಂತರೆ ಬೂಷ್ಟಿಗೆ ಅಷ್ಟು ಸಾಕು. ಅದರ ಕಣಗಳು ಎಲ್ಲ ಗಾಳಿಯಲ್ಲೂ ಇವೆ. ತಿನ್ನಲು ಬೆರಳಿನ ಎಣ್ಣೆ, ಧೂಳು, ಲೆನ್ಸಿನೊಳಗಿನ ಗ್ರೀಸಿನ ಆವಿ ಇದೆ. ಬೆಳೆಯಲು ಚರ್ಮದ ಚೀಲದ ಕತ್ತಲೆಯಿದೆ. ಬೆಳೆಯುತ್ತ ಅದು ಆಮ್ಲ ಸೂಸಿ ಮೊದಲು ಲೇಪವನ್ನು, ಆಮೇಲೆ ಗಾಜನ್ನೇ ಕೊರೆಯುತ್ತದೆ. ಬೇಗ ಕಂಡರೆ ಒರೆಸಿ ತೆಗೆಯಬಹುದು. ತಡವಾದರೆ ಬೂಷ್ಟು ಹೋದ ಮೇಲೂ ಅದರ ಹೆಜ್ಜೆ ಗಾಜಿನಲ್ಲಿ ಉಳಿಯುತ್ತದೆ.

ಆದರೆ ಅದು ಒಳಗಿನ ಗಾಜು. ಯಜಮಾನರು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ಒಳಗಿನ ಗಾಜುಗಳ ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ ಬದಲಾದರೂ ಫೋಕಸ್ ಕೆಡುತ್ತದೆ. ಹಳೆಯ ಲೆನ್ಸುಗಳಲ್ಲಿ ಎರಡು ಗಾಜನ್ನು ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಿಂದ ಕೂಡಿಸಿರುತ್ತಾರೆ. ತಪ್ಪು ದ್ರವಕ್ಕೋ ಬಿಸಿಗೋ ಅದು ಬಿಟ್ಟುಕೊಳ್ಳುತ್ತದೆ. ಆ ಜೂಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಉಳಿದವುಗಳಿಂದ ದೂರವಿಟ್ಟು, ಬೆಂಗಳೂರಿನ ರಿಪೇರಿಯವರಿಗೆ ಕಳಿಸಲು ಚೀಟಿ ಅಂಟಿಸುತ್ತಾರೆ. ಯಾವುದನ್ನು ತನ್ನ ಕೈ ಮುಟ್ಟಬಾರದು ಎಂದು ತಿಳಿದಿರುವುದೂ ಈ ಕಸುಬಿನ ಭಾಗವೇ.

ಮೂಡಿಗೆರೆಯ ಕಾಫಿ ತೋಟದಲ್ಲಿದ್ದು ಹಕ್ಕಿಗಳ ಫೋಟೋ ತೆಗೆದ ಪೂರ್ಣಚಂದ್ರ ತೇಜಸ್ವಿಯವರಂಥವರ ಚಿತ್ರಗಳನ್ನು ನೋಡುವಾಗ ನಾವು ಹಕ್ಕಿಯನ್ನು ನೋಡುತ್ತೇವೆ, ಬೆಳಕನ್ನು ನೋಡುತ್ತೇವೆ. ಇಂಥ ಜಡಿಮಳೆಯ ಸೀಮೆಯಲ್ಲಿ ಒಂದು ಉದ್ದ ಲೆನ್ಸನ್ನು ವರ್ಷದಿಂದ ವರ್ಷಕ್ಕೆ ತಿಳಿಯಾಗಿ ಉಳಿಸಿಕೊಳ್ಳುವುದು ಎಷ್ಟು ಎಚ್ಚರದ ಕೆಲಸ ಎಂಬುದು ಇಲ್ಲಿ ಕೂತಾಗ ಅರ್ಥವಾಗುತ್ತದೆ.

ಶುಚಿಯಾದ ಲೆನ್ಸುಗಳು ಈಗ ಡಬ್ಬಿ ಸೇರುತ್ತಿವೆ. ದುಬಾರಿ ಡ್ರೈ ಕ್ಯಾಬಿನೆಟ್ ಒಂದು ಗೋಡೆಯ ಬದಿಗಿದೆ, ಅದರ ಹಸಿರು ಅಂಕಿ 45 ತೋರಿಸುತ್ತಿದೆ. ಶೇಕಡ 40ರಿಂದ 50ರ ತೇವಾಂಶ ಲೆನ್ಸಿಗೆ ಹಿತ. 30ಕ್ಕಿಂತ ಕೆಳಗಿಳಿದು ತೀರ ಒಣಗಿದರೆ ಒಳಗಿನ ಗ್ರೀಸು, ಹೊರಗಿನ ರಬ್ಬರು ಬಳಲುತ್ತವೆ. ಅದರಲ್ಲಿ ಹಿಡಿಸದವಕ್ಕೆ ಪಾತ್ರೆ ಅಂಗಡಿಯಲ್ಲಿ ಸಿಗುವ, ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿರುವ ಪ್ಲಾಸ್ಟಿಕ್ ಡಬ್ಬಿಯೇ ಸಾಕು. ಒಳಗೊಂದು ಪುಟ್ಟ ತೇವಾಂಶದ ಮೀಟರ್, ಒಂದು ಚೀಲ ಸಿಲಿಕಾ ಜೆಲ್. ಕಿತ್ತಳೆ ಹರಳು ಹಸಿರಿಗೆ ತಿರುಗಿದರೆ, ಅಥವಾ ನೀಲಿಯದು ಗುಲಾಬಿಯಾದರೆ, ಅದು ನೀರು ಕುಡಿದು ತುಂಬಿತೆಂದು ಅರ್ಥ. ಓವನ್ನಿನಲ್ಲಿ ಸುಮಾರು 120 ಡಿಗ್ರಿ ಬಿಸಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಸಿದ್ಧ. ನೀಲಿ ಹರಳಿನಲ್ಲಿ ಕೋಬಾಲ್ಟ್ ಲವಣವಿರುವುದರಿಂದ ಅದನ್ನು ಅಡುಗೆಯ ಪಾತ್ರೆಯಿಂದಲೂ ಮಕ್ಕಳ ಕೈಯಿಂದಲೂ ದೂರ ಇಡಬೇಕು. ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಅಕ್ಕಿಯ ಹುಡಿ ಅದರ ಸಂದಿ ಸೇರಿ ಬೂಷ್ಟಿಗೇ ಊಟವಾಗುತ್ತದೆ. ಬಟ್ಟೆಯ ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಇಡಬೇಡಿ ಎಂದು ಕ್ಯಾಮೆರಾ ಕಂಪನಿಗಳ ಕೈಪಿಡಿಗಳೂ ಹೇಳುತ್ತವೆ. ಬಿಸಿಲಿಗಿಡುತ್ತೇನೆಂದು ಮುಚ್ಚಳ ತೆಗೆದು ಕಿಟಕಿಯಲ್ಲಿಟ್ಟರೆ, ಸೂರ್ಯನನ್ನು ಒಂದೇ ಬಿಂದುವಿಗೆ ಕೂಡಿಸಿ ಸುಡಲು ಲೆನ್ಸಿಗಿಂತ ಒಳ್ಳೆಯ ಸಾಧನ ಬೇರೆ ಇಲ್ಲ. ಎ.ಸಿ. ಕಾರಿನಿಂದ ಸೆಕೆಯ ಮದುವೆ ಮನೆಗೆ ಇಳಿಯುವಾಗ ಲೆನ್ಸನ್ನು ಚೀಲದಲ್ಲೇ ಅರ್ಧ ಗಂಟೆ ಬಿಟ್ಟರೆ, ಹಿಡಿಯಬೇಕಾದ ಇಬ್ಬನಿ ಚೀಲದ ಹೊರಮೈಗೆ ಹಿಡಿಯುತ್ತದೆ.

ಅಷ್ಟರಲ್ಲಿ ಜಗಲಿಯಲ್ಲಿ ಕೊಡೆ ಕೊಡವಿದ ಸದ್ದು. ನಿವೃತ್ತ ಮೇಷ್ಟ್ರೊಬ್ಬರು ಒಳಬಂದು, ಪ್ಲಾಸ್ಟಿಕ್ ಕವರಿನೊಳಗಿನಿಂದ ಕಂದು ಚರ್ಮದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಡುತ್ತಾರೆ. ಒಂದು ಕಾಲದಲ್ಲಿ ನಮ್ಮ ಊರೂರಿನ ಸ್ಟುಡಿಯೋಗಳಲ್ಲಿದ್ದ ಯಾಶಿಕಾ 635, ಮೇಲೊಂದು ಕೆಳಗೊಂದು ಲೆನ್ಸಿನ ಕ್ಯಾಮೆರಾ. ತಂದೆಯವರದಂತೆ. "ಕಣ್ಣು ಪೂರ್ತಿ ಪೊರೆ ಬಂದಿದೆ, ಏನು ಖರ್ಚಾದ್ರೂ ಆಗ್ಲಿ, ಚೊಕ್ಕ ಮಾಡಿಕೊಡಿ," ಎನ್ನುತ್ತಾರೆ. ಯಜಮಾನರು ಮೊದಲು ಚರ್ಮದ ಪೆಟ್ಟಿಗೆಯನ್ನು ಪಕ್ಕಕ್ಕಿಡುತ್ತಾರೆ. ನೀರು ಹಿಡಿದಿಟ್ಟುಕೊಳ್ಳುವುದೇ ಅದು. ಟಾರ್ಚ್ ಹಿಡಿದರೆ ಬೂಷ್ಟಿನ ಎಳೆಗಳೆಲ್ಲ ಮೇಲಿನ ಲೆನ್ಸಿನಲ್ಲಿವೆ. ಹಿಂಬಾಗಿಲು ತೆರೆದು, ಶಟರನ್ನು ತೆರೆದಿಟ್ಟು, ಕೆಳಗಿನ 80 ಎಂ.ಎಂ. ಗಾಜಿನೊಳಗೆ ನೋಡುತ್ತಾರೆ. ಅಂಚಿನಲ್ಲಿ ನಾಲ್ಕು ಧೂಳು, ಬಿಟ್ಟರೆ ತಿಳಿನೀರು.

"ಮೇಲಿಂದು ನಾವು ನೋಡ್ಲಿಕ್ಕೆ ಮಾತ್ರ ಮಾಸ್ಟ್ರೇ. ಫಿಲ್ಮಿಗೆ ಚಿತ್ರ ಬೀಳೋದು ಕೆಳಗಿಂದ್ರಲ್ಲಿ. ಅದು ಸರಿ ಉಂಟು." ಎರಡು ಸಲ ಬ್ಲೋವರ್ ಊದಿ, ಬಟ್ಟೆಯನ್ನು ಮುಟ್ಟದೆ, ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತುತ್ತಾರೆ. ಒಳಗಿನ ಪುಟ್ಟ ಹಲ್ಲುಚಕ್ರ ಜಿರ್ರ್ ಎಂದು ತೊದಲಿ, ನಡುವೆ ನಿಂತುಬಿಡುತ್ತದೆ. ಮತ್ತೆ ಒತ್ತುತ್ತಾರೆ. ಹತ್ತಾರು ಸಲ ಆದ ಮೇಲೆ ಸದ್ದು ಒಂದೇ ಎಳೆಯಾಗಿ ಕೊನೆಯವರೆಗೂ ಹರಿಯುತ್ತದೆ. "ಕೂಡಿಟ್ಟೇ ಇದು ಹಾಳಾಗಿದ್ದು. ಒರೆಸೋದು ಏನೂ ಇಲ್ಲ. 120 ರೋಲ್ ತರಿಸಿ ಕೊಡ್ತೇನೆ, ಹಾಕಿ ಫೋಟೋ ತೆಗೀರಿ. ಮೇಲಿಂದ್ರ ಚಿಂತೆ ಮಳೆ ಕಳೆದ ಮೇಲೆ ಮಾಡುವ."

ಆ ಸಲಹೆ ಕಪಾಟಿನಲ್ಲಿ ಕ್ಯಾಮೆರಾ ಇಟ್ಟಿರುವ ಎಲ್ಲರಿಗೂ ಸಲ್ಲುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಅದನ್ನು ಹೊರಗೆ ತೆಗೆಯಿರಿ. ಟಾರ್ಚ್ ಹಿಡಿದು ನೋಡಿ, ಬ್ಲೋವರಿನಿಂದ ಊದಿ, ಬೆರಳಿನ ಜಿಡ್ಡು ಕಂಡರೆ ಮಾತ್ರ ಕಾಗದಕ್ಕೆ ಕೈ ಹಾಕಿ. ಜೂಮ್ ತಿರುಗಿಸಿ, ಶಟರ್ ಒತ್ತಿ, ಅಂಗಳದ ದಾಸವಾಳವನ್ನೋ ಮನೆಯ ಹಿರಿಯರನ್ನೋ ಚಿತ್ರದಲ್ಲಿ ಹಿಡಿಯಿರಿ. ಗಾಳಿ ಬೆಳಕು ಕಂಡು ಕೆಲಸ ಮಾಡುವ ಲೆನ್ಸಿನಲ್ಲಿ ಬೂಷ್ಟು ಸುಲಭವಾಗಿ ನೆಲೆಯೂರುವುದಿಲ್ಲ, ಊರಲು ಬಂದರೂ ಮೊದಲ ಎಳೆಯಲ್ಲೇ ನಿಮ್ಮ ಕಣ್ಣಿಗೆ ಬೀಳುತ್ತದೆ.